ಬಲ ಹೆಗಲಿನ ಸೆರಗು

ಮಹಾಲಯ ಅಮಾವಾಸ್ಯೆಯ ಬೆಳಿಗ್ಗೆ ಎಂದಿನಂತೆ ಮೊದಲು ಫಿಲ್ಟರಿಗೆ ಕಾಫಿಪುಡಿ ಹಾಕಿ ಬಿಸಿನೀರು ಸುರಿದೆ. ಡಿಕಾಕ್ಷನ್ ಇಳಿಯುವಷ್ಟರಲ್ಲಿ ಬಾಗಿಲು ತೆಗೆದು, ಮನೆ ಮುಂದೆ ಗುಡಿಸಿ ನೀರು ಚಿಮುಕಿಸಿದೆ. ಕೈ ತಾನಾಗಿಯೇ ರಂಗೋಲಿ ಡಬ್ಬಿಗೆ ಹೋಯಿತು. ಒಳಗಿನಿಂದ ಅತ್ತೆ, “ರಂಗೋಲೆ ಬ್ಯಾಡ ಕಣವ್ವ, ಇವತ್ತು ಇರೀಕರ ದಿನ” ಎಂದರು. ಹಿರಿಯರಿಗೆ ಎಡೆ ಇಡುವ ದಿನ, ಎಡೆ ಮುಗಿಯುವ ತನಕ ನಮ್ಮಲ್ಲಿ ಹೊಸಿಲ ಮುಂದೆ ರಂಗೋಲಿ ಬಿಡುವುದಿಲ್ಲ. ಗೊತ್ತಿದ್ದೂ ಮರೆತಿದ್ದೆ.

ಡಬ್ಬಿ ಮುಚ್ಚಿಟ್ಟು ಒಳಗೆ ಬಂದೆ. ಅತ್ತೆಗೆ ಸಕ್ಕರೆ ಇಲ್ಲದ ಕಾಫಿ, ಮಗಳಿಗೆ ಹಾಲು, ಇವರಿಗೆ ಗಟ್ಟಿ ಕಾಫಿ. ಇವರು ಎಂದರೆ ನಮ್ಮ ಯಜಮಾನರು. ಹನೂರಿನಲ್ಲಿ ಸರ್ಕಾರಿ ಕಚೇರಿಯ ಕೆಲಸ. ದಿನಾ ಕೊಳ್ಳೇಗಾಲದಿಂದ ಬಸ್ಸಿನಲ್ಲಿ ಹೋಗಿ ಬರುತ್ತಾರೆ. ಅಂದು ರಜೆ. ಎಡೆಗೆ ಮುಂಚೆ ಮನೆಯವರು ಏನೂ ತಿನ್ನುವುದಿಲ್ಲವಾದ್ದರಿಂದ ತಿಂಡಿಯ ಗಡಿಬಿಡಿ ಇರಲಿಲ್ಲ. ನಮ್ಮ ಮನೆತನದ ಎಡೆ ಯಳಂದೂರಿನಲ್ಲಿ, ಭಾವನವರ ಮನೆಯಲ್ಲಿ. ಪ್ರತಿವರ್ಷ ಬೆಳಗಿನ ಬಸ್ಸಿಗೆ ಎಲ್ಲರೂ ಹೊರಡುತ್ತೇವೆ. ಅಲ್ಲಿ ನಾನೂ ಓರಗಿತ್ತಿಯೂ ಸೇರಿ ಅಡುಗೆ ಮಾಡುತ್ತೇವೆ. ಹಾಗಾಗಿ ಕುಕ್ಕರನ್ನು ಹಿಂದಿನ ದಿನವೇ ತೊಳೆದು ಬೋರಲು ಹಾಕಿದ್ದೆ. ತೀರಿಹೋದ ಮಾವನವರ ಹೆಸರಿನಲ್ಲಿ ಎಡೆಗೆ ಇಡಬೇಕಾದ ಹೊಸ ಪಂಚೆ, ಟವೆಲ್ಲು ಮಡಿಸಿ ಬ್ಯಾಗಿಗೆ ಹಾಕಿದ್ದೆ.

ಅಂದು ಪಕ್ಕದ ಮನೆಯ ಮಗ್ಗವೂ ಸುಮ್ಮನಿತ್ತು. ನಮ್ಮ ಬೀದಿಯಲ್ಲಿ ರೇಷ್ಮೆ ಸೀರೆ ನೇಯುವ ಮನೆಗಳು ಹೆಚ್ಚು. ಅಮಾವಾಸ್ಯೆಯಂದು ಅವರು ಮಗ್ಗಕ್ಕೆ ಕೂರುವುದಿಲ್ಲ. ಪಕ್ಕದ ಮನೆಗೂ ನಮಗೂ ನಡುವೆ ಒಂದೇ ಗೋಡೆ. ಆ ಮನೆಯಾಕೆ ಲಾಳಿ ಎಸೆಯುವ ಸದ್ದು, ಹಲಗೆ ಬಡಿಯುವ ಸದ್ದು ಮಿಕ್ಕ ದಿನಗಳಲ್ಲಿ ಗೋಡೆ ದಾಟಿ ಬರುತ್ತಲೇ ಇರುತ್ತದೆ. ಎಳೆ ತುಂಡಾದರೆ ಸದ್ದು ನಿಲ್ಲುತ್ತದೆ. ಗಂಟು ಹಾಕುವ ತನಕ ನಾನೂ ಕೆಲಸ ನಿಲ್ಲಿಸಿ, ಕೈ ಎತ್ತಿ ಕೂರುತ್ತೇನೆ. ಇದು ಅವರಿಗೆ ಗೊತ್ತಿಲ್ಲ.

ಕಾಫಿ ಲೋಟಗಳನ್ನು ಕೊಡುತ್ತಾ ನಾನು ಒಂದು ವಾಕ್ಯವನ್ನು ಬಾಯಿಪಾಠ ಮಾಡಿಕೊಳ್ಳುತ್ತಿದ್ದೆ. ‘ನಾನು ಇವತ್ತು ಯಳಂದೂರಿಗೆ ಬರುವುದಿಲ್ಲ.’ ಹೇಳುವುದಕ್ಕೆ ಚಿಕ್ಕದು. ಮದುವೆಯಾಗಿ ಇಷ್ಟು ವರ್ಷಗಳಲ್ಲಿ ಒಮ್ಮೆಯೂ ಹೇಳಿರಲಿಲ್ಲ.

ಯಾಕೆ ಹೇಳಬೇಕಾಯಿತು ಎಂಬುದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ನಾನು ತೀರಿಕೊಂಡವರ ಮುಖ ಬರೆಯುತ್ತೇನೆ. ಇದ್ದಿಲಿನಲ್ಲಿ, ದಪ್ಪ ಕಾಗದದ ಮೇಲೆ. ಓದಿದ ಕಾನ್ವೆಂಟಿನಲ್ಲಿ ಒಬ್ಬ ಸಿಸ್ಟರ್ ಚಿತ್ರ ಕಲಿಸುತ್ತಿದ್ದರು. ಕೈಗೆ ಬಂದದ್ದೆಲ್ಲ ಅವರಿಂದ. ಮದುವೆಯಾದ ಮೇಲೆ ಎಷ್ಟೋ ಕಾಲ ಬಿಟ್ಟುಹೋಗಿತ್ತು. ಪರಿಚಯದವರೊಬ್ಬರು ತಮ್ಮ ತಂದೆಯ ಚಿಕ್ಕ ಫೋಟೊ ಕೊಟ್ಟು ದೊಡ್ಡದಾಗಿ ಬರೆಸಿಕೊಂಡರು. ಅದನ್ನು ನೋಡಿದವರು ಇನ್ನೊಬ್ಬರನ್ನು ಕಳಿಸಿದರು. ಈಗ ಪಿತೃಪಕ್ಷದ ತಿಂಗಳು ನನಗೆ ಸೀಸನ್. ಹನೂರು ಕಡೆಯ ಹಳ್ಳಿಗಳಿಂದ ಆಧಾರ್ ಕಾರ್ಡು, ಪಡಿತರ ಚೀಟಿ, ಗುಂಪು ಫೋಟೊದ ಮೂಲೆ ಹಿಡಿದುಕೊಂಡು ಬರುತ್ತಾರೆ. ಎಡೆ ಇಡುವಾಗ ಗೋಡೆಗೆ ಒರಗಿಸಲು ಒಂದು ಮುಖ ಬೇಕು, ಅಷ್ಟೆ.

ಮನೆಯಲ್ಲಿ ಇದಕ್ಕೆ ‘ಟೈಮ್‌ಪಾಸ್’ ಎಂದು ಹೆಸರು. ಬೇಸರದಿಂದಲ್ಲ, ಪ್ರೀತಿಯಿಂದಲೇ ಹಾಗನ್ನುತ್ತಾರೆ. ಕಚೇರಿಯಲ್ಲಿ ಕೆಲಸ ಮಾಡುತ್ತಲೇ ಕಲೆಯನ್ನು ಉಳಿಸಿಕೊಂಡವರ ಮಾತುಗಳನ್ನು ಫೋನಿನಲ್ಲಿ ಕೇಳಿದ್ದೇನೆ. ಸಂಜೆ ಕಚೇರಿ ಬಿಟ್ಟು ಮನೆಗೆ ಬಂದು ಬರೆಯುತ್ತೇವೆ ಎನ್ನುತ್ತಾರೆ. ನನ್ನ ಕಚೇರಿ ಬಿಟ್ಟು ನಾನು ಬರುವುದು ಎಲ್ಲಿಗೆ? ರಜೆ ಬೇಕಾದರೂ ಯಾವ ಸಾಹೇಬರಿಗೆ ಅರ್ಜಿ ಕೊಡಬೇಕು ಎಂಬುದು ಸ್ಪಷ್ಟವಿಲ್ಲ. ಮಧ್ಯಾಹ್ನದ ಪಾತ್ರೆ ತೊಳೆದು, ಅತ್ತೆ ಮಲಗಿದ ಮೇಲೆ, ಸಂಜೆಯ ಕಾಫಿಗೆ ಮುಂಚೆ ಒಂದು ಸಂದು ಸಿಗುತ್ತದೆ. ಅಕ್ಕಿಮೂಟೆ ಇಡುವ ಕೋಣೆಗೆ ಬಡಗಣ ಕಿಟಕಿ ಇದೆ. ಅಲ್ಲಿ ಒಂದು ಹಲಗೆ, ಒಂದು ಮಣೆ. ಗೋಡೆಯಾಚೆ ಮಗ್ಗ. ಮುಗಿದ ಚಿತ್ರ ಸರಿಯಾಯಿತೇ ಎಂದು ಕೇಳಲು ಊರಿನಲ್ಲಿ ಯಾರೂ ಇಲ್ಲ. ಶಾಲೆಯ ಗೆಳತಿಯೊಬ್ಬಳಿಗೆ ಫೋಟೊ ಕಳಿಸುತ್ತೇನೆ. ಅವಳು ಹೆಬ್ಬೆರಳು ಕಳಿಸುತ್ತಾಳೆ.

ಈ ಸಲ ಪಕ್ಷ ಶುರುವಾಗುವ ಮುಂಚೆ ಕೌದಳ್ಳಿಯಿಂದ ಒಬ್ಬ ಹೆಂಗಸು ಬಂದರು. ಐವತ್ತರ ಆಸುಪಾಸು. ಚಪ್ಪಲಿಯನ್ನು ಹೊಸಿಲಿನಿಂದ ದೂರ, ಜೋಡಿಸಿ ಬಿಟ್ಟರು.

“ಅಕ್ಕ, ಫೋಟಾ ನೋಡಿ ಬರ್ಯೋರು ನೀವೇನಾ?”

“ಹೌದು, ಬನ್ನಿ ಅಕ್ಕ.”

ಅವರು ನನಗೆ ಅಕ್ಕ ಎಂದರು, ನಾನು ಅವರಿಗೆ. ಕೊನೆಯ ತನಕ ಹಾಗೆಯೇ ನಡೆಯಿತು.

“ನಮ್ಮವ್ವ ತೀರ್ಕಂಡು ವರ್ಸದ ತಿಥಿ ಆಯ್ತು. ಈ ಸಲ ಇರೀಕರ ಜತೇಲಿ ಅವಳ್ಗೂ ಎಡೆ ಇಕ್ಬೇಕು. ಗ್ವಾಡೆಗೆ ಒರಗ್ಸಕೆ ಒಂದ್ ಪಟ ಇಲ್ಲ. ಫೋಟಾ ತೆಗುಸ್ಕಂಡ್ರೆ ಆಯಸ್ಸು ಕಮ್ಮಿ ಆಯ್ತದೆ ಅಂತ ಮೊಕ ಮುಚ್ಕಂಡು ಓಡೋಗೋಳು.”

“ಎಷ್ಟು ವಯಸ್ಸಾಗಿತ್ತು?”

“ಯಾರ್ಗ್ ಗೊತ್ತು? ಆಧಾರಲ್ಲಿ ಒಂದದೆ, ಊರೋರು ಒಂದೇಳ್ತರೆ. ಫೋಟಾ ತೆಗುಸ್ದೆ ಇದ್ದುದ್ಕೇ ಅಷ್ಟ್ ದಿನ ಇದ್ಲೇನೋ, ಬುಡಿ” ಎಂದು ನಕ್ಕರು. ನಕ್ಕು, ಸೆರಗಿನಿಂದ ಮೂಗು ಒರೆಸಿಕೊಂಡರು.

ಆಧಾರ್ ಕಾರ್ಡಿನ ಚಿತ್ರದಲ್ಲಿ ಮುದುಕಿ ಹೆದರಿ ಕಣ್ಣು ಅಗಲಿಸಿದ್ದರು. ಎಲ್ಲರೂ ಹಾಗೆಯೇ ಇರುತ್ತಾರೆ. ಅದರಿಂದ ಏನೂ ಸಿಗುವಂತಿರಲಿಲ್ಲ. ಆದರೆ ಮೊಮ್ಮಗಳ ಫೋನಿನಲ್ಲಿ ಒಂದಿತ್ತು. ಮನೆಯ ಬಾಗಿಲಲ್ಲಿ ಅಜ್ಜಿ, ಪಕ್ಕದಲ್ಲಿ ಮೊಮ್ಮಗಳು, ಇಬ್ಬರೂ ಕ್ಯಾಮೆರಾದ ತೀರ ಹತ್ತಿರ. ಅಜ್ಜಿ ಬಾಯಲ್ಲಿ ಎಲೆಅಡಿಕೆ ಇಟ್ಟುಕೊಂಡು, ಒಂದು ಕೆನ್ನೆ ಉಬ್ಬಿಸಿಕೊಂಡು, ಅರೆನಗುವಿನಲ್ಲಿದ್ದರು. ಒಂದು ಹುಬ್ಬು ಸ್ವಲ್ಪ ಮೇಲಕ್ಕೆ. ನನಗೆ ನೋಡಿದೊಡನೆ ಇಷ್ಟವಾಯಿತು.

ಇಲ್ಲಿ ಒಂದು ಮಾತು ಹೇಳಬೇಕು. ಫೋನನ್ನು ತಮ್ಮ ಕಡೆಗೇ ತಿರುಗಿಸಿ ತೆಗೆದುಕೊಂಡ ಚಿತ್ರಗಳು ಕೆಲವು ಫೋನುಗಳಲ್ಲಿ ಕನ್ನಡಿಯ ಹಾಗೆ ಎಡಬಲ ಅದಲುಬದಲಾಗಿ ಉಳಿದುಬಿಡುತ್ತವೆ. ಒಮ್ಮೆ ಅದು ತಿಳಿಯದೆ ಒಬ್ಬರ ಶರ್ಟಿನ ಜೇಬನ್ನು ಬಲಗಡೆಗೆ ಬರೆದು ಪೇಚಿಗೆ ಸಿಕ್ಕಿದ್ದೆ. ಅಂದಿನಿಂದ ನನ್ನದೊಂದು ನಿಯಮ. ಗಂಡಸಾದರೆ ಜೇಬು ನೋಡು, ಹೆಂಗಸಾದರೆ ಸೆರಗು ನೋಡು. ಸೆರಗು ಬಲ ಹೆಗಲ ಮೇಲಿದ್ದರೆ ಚಿತ್ರ ಮಗುಚಿದೆ. ಮೊದಲು ನೇರ ಮಾಡಿಕೋ.

ಅಜ್ಜಿಯ ಸೆರಗು ಬಲ ಹೆಗಲ ಮೇಲಿತ್ತು. ಮೊಮ್ಮಗಳು ಅಷ್ಟು ಹತ್ತಿರ ಇದ್ದಾಳೆ, ಅವಳೇ ತೆಗೆದದ್ದು ಎಂದುಕೊಂಡೆ. ಅಜ್ಜಿಯ ಮೂಗಿನಲ್ಲಿ ಎರಡೂ ಕಡೆ ತೂತಿತ್ತು, ಮೂಗುಬಟ್ಟು ಇರಲಿಲ್ಲ. ಅದರಿಂದ ಯಾವ ಸುಳಿವೂ ಸಿಗಲಿಲ್ಲ. ಎದುರಿಗೆ ಕೂತಿದ್ದ ಮಗಳು ನನ್ನ ಹಾಗೆಯೇ ಎಡಕ್ಕೆ ಸೆರಗು ಹೊದ್ದಿದ್ದರು. ಕೇಳಬೇಕೆಂದು ನನಗೆ ಹೊಳೆಯಲೇ ಇಲ್ಲ. ಜೆರಾಕ್ಸ್ ಅಂಗಡಿಯಲ್ಲಿ ಚಿತ್ರವನ್ನು ಮಗುಚಿ ದೊಡ್ಡದಾಗಿ ಪ್ರಿಂಟ್ ಹಾಕಿಸಿಕೊಂಡು ಬಂದೆ.

ಆಮೇಲಿನ ಕೆಲಸ ನಿಧಾನದ್ದು. ಪ್ರಿಂಟಿನ ಮೇಲೆ ಪೆನ್ಸಿಲಿನಲ್ಲಿ ಚೌಕ ಎಳೆಯುತ್ತೇನೆ. ತೆಳು ಬಟರ್ ಪೇಪರಿನ ಮೇಲೆ ಅಷ್ಟೇ ಚೌಕಗಳನ್ನು ದೊಡ್ಡದಾಗಿ ಎಳೆದು, ಒಂದೊಂದು ಚೌಕದಲ್ಲಿ ಏನಿದೆಯೋ ಅಷ್ಟನ್ನೇ ನೋಡಿ ಬರೆಯುತ್ತೇನೆ. ಅದರ ಹಿಂಬದಿಗೆ ಮೆದು ಪೆನ್ಸಿಲ್ ಉಜ್ಜಿ, ದಪ್ಪ ಕಾಗದದ ಮೇಲಿಟ್ಟು ಒತ್ತಿದರೆ ಗೆರೆ ಇಳಿಯುತ್ತದೆ. ಹತ್ತಿಯನ್ನು ಇದ್ದಿಲ ಪುಡಿಯಲ್ಲಿ ಅದ್ದಿ ಮೊದಲು ತಿಳಿ ನೆರಳು, ಆಮೇಲೆ ಕಡುನೆರಳು. ಬೆಳಕು ಬೇಕಾದ ಕಡೆ ಬ್ರೆಡ್ಡಿನ ಮೆದು ಭಾಗವನ್ನು ಉಂಡೆ ಮಾಡಿ ಒತ್ತಿ ತೆಗೆಯುತ್ತೇನೆ. ಕೆನ್ನೆಯ ಮೇಲಿನ ಹೊಳಪು, ಮೂಗಿನ ತುದಿ, ಕೆಳತುಟಿಯ ತೇವ ಎಲ್ಲ ಹೀಗೆ ಇದ್ದಿಲನ್ನು ಎತ್ತಿಯೇ ಬರುವುದು. ರಬ್ಬರಿಗಿಂತ ಬ್ರೆಡ್ಡೇ ನಯ ಎಂದು ಸಿಸ್ಟರ್ ಕಲಿಸಿದ್ದರು. ಕಣ್ಣು ಕೊನೆಗೆ.

ಮಧ್ಯಾಹ್ನಗಳು ಚೂರು ಚೂರಾಗಿ ಸಿಕ್ಕವು. ಒಂದು ದಿನ ಅತ್ತೆಗೆ ಜ್ವರ, ಇನ್ನೊಂದು ದಿನ ನೆಂಟರು. ಅಂತೂ ಅಮಾವಾಸ್ಯೆ ಹತ್ತಿರವಾದಾಗ ಚಿತ್ರ ಮುಗಿದಿತ್ತು. ಚೆನ್ನಾಗಿಯೇ ಬಂದಿತ್ತು. ಚೌಕಟ್ಟು ಹಾಕಿಸುವ ಮುಂಚೆ ಒಮ್ಮೆ ನೋಡಿಹೋಗಿ ಎಂದು ಕೌದಳ್ಳಿಗೆ ಫೋನ್ ಮಾಡಿದೆ.

ಅವರು ಬಂದು ಚಿತ್ರದ ಎದುರು ನೆಲದ ಮೇಲೆ ಕೂತರು. ಗೋಡೆಯಾಚೆ ಮಗ್ಗ ಬಡಿಯುತ್ತಿತ್ತು.

“ಚೆಂದಾಗದೆ ಕಣಕ್ಕ. ಕೂದ್ಲು, ಕಿವಿ, ಕತ್ತು, ಎಲ್ಲಾ ಸರ್ಯಾಗದೆ.” ಸ್ವಲ್ಪ ಹಿಂದಕ್ಕೆ ಸರಿದು ಇನ್ನೊಮ್ಮೆ ನೋಡಿದರು. “ಆದ್ರೆ ನಮ್ಮವ್ವ ಅಲ್ಲ.”

“ಎಲ್ಲಿ ತಪ್ಪಿದೆ ಹೇಳಿ ಅಕ್ಕ, ತಿದ್ದುತ್ತೇನೆ.”

“ತಪ್ಪೇನೂ ಇಲ್ಲ. ನಮ್ಮವ್ವುನ ತಂಗೀನೋ ಯಾರೋ ಕೂತಂಗದೆ. ಇರ್ಲಿ ಬುಡಿ, ಗ್ವಾಡೆಗೆ ಇದೇ ಸಾಕು. ಇಷ್ಟಾದ್ರೂ ಸಿಕ್ತಲ್ಲ.”

ಅವರು ದೂರಲಿಲ್ಲ. ಕಾಫಿ ಕುಡಿದು, ನನ್ನ ಮಗಳ ಓದು ವಿಚಾರಿಸಿ, ಚಪ್ಪಲಿ ಮೆಟ್ಟಿ ಹೋದರು. ನನಗೆ ಆ ‘ಸಾಕು’ ಇಳಿಯಲಿಲ್ಲ. ದೂರಿದ್ದರೆ ತಿದ್ದಬಹುದಿತ್ತು. ಪ್ರಿಂಟನ್ನೂ ಚಿತ್ರವನ್ನೂ ಪಕ್ಕಪಕ್ಕ ಇಟ್ಟು ಚೌಕಚೌಕವಾಗಿ ನೋಡಿದೆ. ಒಂದು ಕೂದಲೆಳೆಯೂ ಆಚೀಚೆ ಆಗಿರಲಿಲ್ಲ. ಗೆಳತಿಗೆ ಕಳಿಸಿದೆ. ಹೆಬ್ಬೆರಳು ಬಂತು.

ಅಮಾವಾಸ್ಯೆಯ ಹಿಂದಿನ ದಿನ ಯಳಂದೂರಿಗೆ ಒಯ್ಯಲು ಬಾಳೆಎಲೆ, ಬೂದುಗುಂಬಳ ತರಲು ಮಾರ್ಕೆಟ್ಟಿಗೆ ಹೋದೆ. ಕಾಲಿಡಲು ಜಾಗವಿರಲಿಲ್ಲ. ವೀಳ್ಯದೆಲೆಯ ರಾಶಿಯ ಮುಂದೆ ಹನೂರು ಕಡೆಯ ಮುದುಕಿಯೊಬ್ಬರು ಚೌಕಾಸಿ ಮಾಡುತ್ತಿದ್ದರು. “ಇದೇನ್ ಎಲೆಯಾ ಇಲ್ಲಾ ಚಿನ್ನದ್ ತಗಡಾ? ಬಾಯ್ಗಾಕಳದೋ ಕಿವೀಗ್ ಆಕಳದೋ?” ಎಂದು ಎಲೆ ಮಾರುವವನನ್ನು ಕಿಚಾಯಿಸಿ, ಬಗ್ಗಿ ಎಡಗೈಯಿಂದ ಗಂಟು ಎತ್ತಿಕೊಂಡರು. ಎಡಗೈ, ಎಡ ಹೆಗಲು ಬಿಡುವಾಗಿತ್ತು. ಸೆರಗು ಬಲ ಹೆಗಲ ಮೇಲಿತ್ತು.

ನಾನು ಬಾಳೆಎಲೆಯ ಕಟ್ಟು ಹಿಡಿದು ಅಲ್ಲೇ ನಿಂತೆ. ಸುತ್ತ ನೋಡಿದೆ. ಅಲ್ಲೊಬ್ಬರು, ಬಸ್ಸಿನಿಂದ ಇಳಿಯುತ್ತ ಇನ್ನೊಬ್ಬರು. ವಯಸ್ಸಾದವರು, ಆ ಕಡೆಯ ಹಳ್ಳಿಯವರು, ಬಲಕ್ಕೆ ಸೆರಗು ಹೊದ್ದವರು. ಹುಟ್ಟಿದಾಗಿನಿಂದ ಇವರನ್ನು ನೋಡಿದ್ದೇನೆ. ಚಿಕ್ಕ ಚಿಕ್ಕ ವಿಷಯವೆಲ್ಲ ನಿನ್ನ ಕಣ್ಣಿಗೆ ಬೀಳುತ್ತದೆ ಎಂದು ಎಲ್ಲರೂ ನನಗೆ ಹೇಳುತ್ತಾರೆ. ಇದು ಬಿದ್ದಿರಲಿಲ್ಲ.

ಅಲ್ಲಿಂದಲೇ ಕೌದಳ್ಳಿಗೆ ಫೋನ್ ಮಾಡಿದೆ. “ಅಕ್ಕ, ನಿಮ್ಮವ್ವ ಸೆರಗು ಯಾವ ಕಡೆ ಹಾಕುತ್ತಿದ್ದರು?”

“ಬಲಗಡೀಕೆ. ನಮ್ ಕಡೆ ಹಳೇ ಹೆಂಗುಸ್ರೆಲ್ಲ ಅಂಗೇಯ. ನಾವೇ ಈಗ ನಿಮ್ಮಂಗೆ ಎಡಕ್ಕಾಕದು. ಯಾಕಕ್ಕ?”

“ಆ ಫೋಟೊ ಮೊಮ್ಮಗಳೇ ತೆಗೆದದ್ದಾ?”

“ಇಲ್ಲ, ನಾನೇ ಎದುರ್ಗೆ ನಿಂತು ತೆಗ್ದಿದ್ದು. ಅದೊಂದ್ ಕಿತ ಅವ್ವ ಓಡೋಗ್ನಿಲ್ಲ.”

“ಎಲೆಅಡಿಕೆ ಯಾವ ದವಡೆಯಲ್ಲಿ ಇಟ್ಟುಕೊಳ್ಳುತ್ತಿದ್ದರು?”

“ಎಡಗಡೇಲಿ. ಬಲದವಡೇಲಿ ಹಲ್ಲೆಲ್ಲಿದ್ದೋ ಅವಳ್ಗೆ!” ಎಂದು ನಕ್ಕವರು ತಟ್ಟನೆ ನಿಲ್ಲಿಸಿದರು. “ಅಯ್ಯೋ, ಅದೇ ಕಣಕ್ಕ. ನಿಮ್ ಪಟದಲ್ಲಿ ಆ ಕಡೆ ಕೆನ್ನೆ ಉಬ್ಬದೆ.”

ನೇರವಾಗಿದ್ದ ಚಿತ್ರವನ್ನು ನಾನೇ ಮಗುಚಿದ್ದೆ. ಉಬ್ಬಿದ ಕೆನ್ನೆ, ಮೇಲೆ ಹೋದ ಹುಬ್ಬು, ನಗು ಜಾರಿದ ತುಟಿಯ ತುದಿ ಎಲ್ಲವೂ ಇದ್ದವು. ಎಲ್ಲವೂ ಆಚೆ ಕಡೆಗಿದ್ದವು. ಅಂಥ ಅವ್ವನನ್ನು ಮಗಳು ಒಂದು ದಿನವೂ ಕಂಡಿರಲಿಲ್ಲ. ಆ ಮುಖವನ್ನು ಕನ್ನಡಿಯಲ್ಲಿ ಅವ್ವ ತಾನೊಬ್ಬಳೇ ಕಂಡಿರಬೇಕು, ಕಂಡಿದ್ದರೆ. ಕಾನ್ವೆಂಟಿನ ಸಿಸ್ಟರ್ ಬೆನ್ನ ಹಿಂದೆ ನಿಂತು ಹೇಳುತ್ತಿದ್ದರು: “ಕಣ್ಣಿಗೆ ಕಾಣುವುದನ್ನು ಬರಿ ಮಗು, ತಲೆಯಲ್ಲಿ ಇರುವುದು ಬೇಡ.”

“ಇನ್ನೊಂದು ಬರೆದುಕೊಡುತ್ತೇನೆ” ಎಂದೆ. “ನಿಮ್ಮ ಎಡೆ ಎಷ್ಟು ಹೊತ್ತಿಗೆ?”

“ದೀಪ ಹಚ್ಚೋ ಹೊತ್ಗೆ. ಆದ್ರೆ ನಾಳೇನೇ ಅಲ್ವಾ ಅಕ್ಕ? ನೀವೂ ಊರ್ಗೋಗದಿಲ್ವಾ? ಇರ್ಲಿ ಬುಡಿ, ಅದೇ ಸಾಕು ಅಂದ್ನಲ್ಲ.”

“ನಾಳೆ ಮಧ್ಯಾಹ್ನದ ಮೇಲೆ ಬನ್ನಿ. ಕೊಡುತ್ತೇನೆ.”

ಹೇಳಿ ಫೋನಿಟ್ಟೆ. ನಾಳೆ ಎಂದರೆ ಯಳಂದೂರು. ಆ ಅರೆಬರೆ ಮಧ್ಯಾಹ್ನದ ಸಂದಿನಲ್ಲಿ ಇಡೀ ಮುಖ ಬರೆಯಲು ಆಗುವುದಿಲ್ಲ. ಇಡೀ ಹಗಲು ಬೇಕು. ಚೌಕಟ್ಟಿನ ಅಂಗಡಿ ಅಮಾವಾಸ್ಯೆಗೆ ಬಾಗಿಲು ಹಾಕುತ್ತದೆಂದು ನೆನಪಾಗಿ, ಅಲ್ಲಿಗೆ ಹೋಗಿ ಅಳತೆಗೆ ಮಾಡಿಟ್ಟಿದ್ದ ಖಾಲಿ ಚೌಕಟ್ಟನ್ನು ಬಾಳೆಎಲೆಯ ಜೊತೆಗೇ ಕಂಕುಳಲ್ಲಿ ಇರುಕಿಕೊಂಡು ಬಂದೆ. ಬೇಕರಿಯಲ್ಲಿ ಒಂದು ಬ್ರೆಡ್ ತೆಗೆದುಕೊಂಡೆ. ಮನೆಯಲ್ಲಿ ಏನೂ ಹೇಳಲಿಲ್ಲ. ಕುಕ್ಕರ್ ತೊಳೆದು ಬೋರಲು ಹಾಕಿದೆ.

ಹೀಗೆ ಅಮಾವಾಸ್ಯೆಯ ಬೆಳಿಗ್ಗೆ ಬಂದಿತ್ತು, ಕಾಫಿಯೂ ಆಗಿತ್ತು. ಅತ್ತೆ ಒಳ್ಳೆಯ ಸೀರೆ ಉಟ್ಟು ಕುರ್ಚಿಯಲ್ಲಿ ಕೂತಿದ್ದರು. ಇವರು ಬೂಟಿನ ದಾರ ಕಟ್ಟುತ್ತಿದ್ದರು.

“ನಾನು ಇವತ್ತು ಯಳಂದೂರಿಗೆ ಬರುವುದಿಲ್ಲ” ಎಂದೆ.

ಇವರು ತಲೆ ಎತ್ತಿದರು. “ಹುಷಾರಿಲ್ವಾ?”

“ಹುಷಾರಾಗಿದ್ದೇನೆ. ಕೆಲಸ ಇದೆ.”

“ಏನ್ ಕೆಲಸ?”

“ಕೌದಳ್ಳಿಯವರ ಚಿತ್ರ. ತಪ್ಪಾಗಿದೆ, ಬೇರೆ ಬರೆಯಬೇಕು. ಇವತ್ತು ಸಂಜೆ ಅವರ ಮನೆ ಎಡೆ.”

“ಅದೇನ್ ಆಫೀಸಾ? ಫೋನ್ ಮಾಡಿ ನಾಳೆ ಕೊಡ್ತೀನಿ ಅಂದ್ರಾಯ್ತಪ್ಪ.”

“ನಾಳೆ ಎಡೆ ಮುಗಿದಿರುತ್ತೆ.”

ಅತ್ತೆ ಕುರ್ಚಿಯಿಂದಲೇ ನನ್ನ ಕಡೆ ತಿರುಗಿದರು. ಅವರು ಕೆಟ್ಟವರಲ್ಲ. ನನ್ನ ಕೈಯ ಕಾಫಿಯನ್ನು ನೆಂಟರ ಮುಂದೆ ಹೊಗಳುವವರು. “ಊರೋರ್ ಮನೆ ಸತ್ತೋರ್ ಮೊಕ ಬರೀತಾ ಕೂತ್ಕಂಡ್ರೆ, ನಮ್ಮನೆ ಸತ್ತೋರ್ಗೆ ಎಡೆ ಇಕ್ಕೋರ್ಯಾರವ್ವ?” ಎಂದರು.

ಯಳಂದೂರಿನ ಗೋಡೆಯ ಮೇಲೆ ಮಾವನವರ ಸ್ಟುಡಿಯೋ ಫೋಟೊ ಇದೆ, ಕೋಟು ಎರವಲು ತೊಟ್ಟದ್ದು. ಅವರದ್ದೊಂದು ಬರೆ ಎಂದು ಯಾರೂ ಹೇಳಿಲ್ಲ. ನಾನೂ ಕೇಳಿಲ್ಲ.

“ಅತ್ತೆ, ಮುಂದಿನ ವರ್ಷ ನಾನೇ ಎಲ್ಲ ಮಾಡುತ್ತೇನೆ. ಇವತ್ತೊಂದು ದಿನ ಬಿಡಿ.”

“ನಂಗೇನು, ನಿಮ್ಮಕ್ಕ ಕೇಳ್ತಳೆ. ನೀನೇ ಫೋನ್ ಮಾಡಿ ಯೋಳು.”

ಓರಗಿತ್ತಿಗೆ ಫೋನ್ ಮಾಡಿದೆ. ಆಕೆ, “ಓ, ಹೌದಾ?” ಎಂದಳು. ಮತ್ತೆ, “ಸರಿ ಬುಡು, ವಡೆ ನಾನೇ ತಟ್ತೀನಿ” ಎಂದಳು. ಮೂವರೂ ಹೊರಟರು. ಮಗಳು ಬಾಗಿಲಲ್ಲಿ ತಿರುಗಿ ನನ್ನನ್ನು ಹೊಸಬರನ್ನು ನೋಡುವ ಹಾಗೆ ನೋಡಿದಳು. ನಾನು ಬಾಗಿಲು ಹಾಕಿ ಅಗಳಿ ಹಾಕಿದೆ. ಹಗಲು ಹೊತ್ತಿನಲ್ಲಿ ಆ ಅಗಳಿ ಹಾಕಿದ್ದು ಅದೇ ಮೊದಲು ಇರಬೇಕು. ಗಡುಸಾಗಿತ್ತು, ಎಳೆಯಲು ಎರಡೂ ಕೈ ಬೇಕಾಯಿತು.

ದಪ್ಪ ಕಾಗದ ಉ‍ಳಿದಿದ್ದದ್ದು ಒಂದೇ ಹಾಳೆ. ಆ ಕಾಗದ ಕೊಳ್ಳೇಗಾಲದಲ್ಲಿ ಸಿಗುವುದಿಲ್ಲ. ಯಾರಾದರೂ ಮೈಸೂರಿಗೆ ಹೋದರೆ ತರಿಸಬೇಕು. ಹಾಗಾಗಿ ಕೆಟ್ಟರೆ ಮತ್ತೊಂದಿಲ್ಲ. ಹಳೆಯ ಬಟರ್ ಪೇಪರ್ ಕೈಗೆ ಬಂತು. ಅದನ್ನು ಮಗುಚಿದರೆ ಸಾಕಿತ್ತು. ಮಗುಚಿ ಕಿಟಕಿಗೆ ಹಿಡಿದೆ. ಅದೇ ಗೆರೆಗಳು, ಅದೇ ಮುಖ. ಆದರೆ ಯಾರೋ ಒಬ್ಬರು ಕೋಣೆಯೊಳಗೆ ಬಂದು ಕೂತ ಹಾಗಾಯಿತು. ನಾನು ಆ ಅವ್ವನನ್ನು ಕಂಡವಳಲ್ಲ. ನನಗೇ ಹಾಗನ್ನಿಸಿತು.

ಗೆರೆ ಇಳಿಸುವುದು ಬೇಗ ಮುಗಿಯಿತು. ಕಷ್ಟ ಶುರುವಾದದ್ದು ನೆರಳಿನಲ್ಲಿ. ವಾರಗಟ್ಟಲೆ ಕೈ ಒಂದು ಕಡೆಗೆ ರೂಢಿಯಾಗಿತ್ತು. ಬೆಳಕು ಈಗ ಆಚೆಯಿಂದ ಬರಬೇಕು. ಕೈ ಮತ್ತೆ ಮತ್ತೆ ಹಳೆಯ ಕೆನ್ನೆಗೇ ಹೋಗುತ್ತಿತ್ತು. ಎರಡು ಸಲ ತಪ್ಪು ಕಡೆ ಕಪ್ಪು ಹಾಕಿ ಬ್ರೆಡ್ಡಿನಿಂದ ಎತ್ತಿದೆ. ಮೂರನೆಯ ಸಲ ಎತ್ತಿದರೆ ಕಾಗದದ ನಾರು ಏಳುತ್ತದೆ. ಮೊದಲ ಚಿತ್ರವನ್ನು ಕಣ್ಣಿಗೆ ಬೀಳದ ಹಾಗೆ ಅಕ್ಕಿಮೂಟೆಯ ಹಿಂದಕ್ಕೆ ತಿರುಗಿಸಿಟ್ಟೆ. ಮಗುಚದ ಹೊಸ ಪ್ರಿಂಟ್ ಇರಲಿಲ್ಲ. ಫೋನಿನಲ್ಲಿದ್ದ ಮೂಲ ಚಿತ್ರವನ್ನೇ ದೊಡ್ಡದು ಮಾಡಿ ಮೊಣಕಾಲಿಗೆ ಒರಗಿಸಿಕೊಂಡೆ.

ಗೋಡೆಯಾಚೆ ಸದ್ದಿಲ್ಲ. ಎಷ್ಟೋ ವರ್ಷಗಳಿಂದ ಮಗ್ಗದ ಲೆಕ್ಕಕ್ಕೇ ಕೈ ಆಡಿಸಿದವಳು ನಾನು. ಅಂದು ನನ್ನ ಹತ್ತಿ ಕಾಗದದ ಮೇಲೆ ಸರಿಯುವ ಸದ್ದು ಕೇಳಿಸುತ್ತಿತ್ತು. ಅದಕ್ಕೆ ಸದ್ದಿದೆ ಎಂದೇ ನನಗೆ ಗೊತ್ತಿರಲಿಲ್ಲ. ಯಾರೋ ಬಂದು ಬಾಗಿಲು ಬಡಿದರು. ಏಳಲಿಲ್ಲ. ಬಡಿದವರು ಹೋದರು. ಯಾರೂ ಕರೆಯದ ಮನೆ ಎಷ್ಟು ದೊಡ್ಡದಿದೆ ಎಂದು ಆಗ ಗೊತ್ತಾಯಿತು. ಬೇಕು ಬೇಕು ಎಂದು ಬಯಸಿದ್ದ ಹೊತ್ತು ಪೂರ್ತಿ ಸಿಕ್ಕಿತ್ತು, ನನಗೆ ಅಳು ಬರುವ ಹಾಗಿತ್ತು. ಇದ್ದಿಲ ಕೈಯಲ್ಲಿ ಕಣ್ಣು ಒರೆಸುವಂತಿಲ್ಲ, ಹಾಗಾಗಿ ಅಳಲಿಲ್ಲ.

ಫೋನು ಕುಣಿಯಿತು. ಅವ್ವನ ಮುಖದ ಮೇಲೆ ಇವರ ಹೆಸರು ಬಂತು.

“ಅಪ್ಪನ ಪಂಚೆ ಎಲ್ಲಿಟ್ಟಿದ್ದೀಯ? ಬ್ಯಾಗಲ್ಲಿ ಇಲ್ವಲ್ಲ.”

“ಅಡಿಯಲ್ಲಿದೆ. ಅತ್ತೆಯ ಶಾಲಿನ ಕೆಳಗೆ.”

ಪರಪರ ಸದ್ದು. “ಹೂಂ, ಸಿಕ್ತು.” ಆಮೇಲೆ, “ಊಟ ಮಾಡಿದ್ಯಾ?” ಎಂದರು.

“ಮಾಡುತ್ತೇನೆ.”

ಬ್ರೆಡ್ಡಿನ ಬಿಳಿ ಭಾಗವೆಲ್ಲ ಅವ್ವನ ಕೆನ್ನೆಗೆ ಖರ್ಚಾಗುತ್ತಿತ್ತು. ಉಳಿದ ಅಂಚುಗಳನ್ನು ಎಡಗೈಯಲ್ಲಿ ಹಿಡಿದು ನಾನು ತಿಂದೆ. ಎಡೆಗೆ ಹೋಗದವಳಿಗೆ ಅದೇ ಊಟ.

ಮಧ್ಯಾಹ್ನ ದಾಟುತ್ತಿದ್ದಂತೆ ಮೋಡ ಕವಿಯಿತು. ಕಿಟಕಿಯ ಬೆಳಕು ಇಳಿಯಿತು. ಬಲ್ಬು ಹಾಕಿದರೆ ನೆರಳು ಹಳದಿಯಾಗಿ ಕಾಣುತ್ತದೆ, ಲೆಕ್ಕ ತಪ್ಪುತ್ತದೆ. ಹಲಗೆಯನ್ನು ಎತ್ತಿಕೊಂಡು ಹಿತ್ತಲ ಬಾಗಿಲಿಗೆ ಬಂದು, ಪಾತ್ರೆ ತೊಳೆಯುವ ಕಟ್ಟೆಯ ಮೇಲಿಟ್ಟು ನಿಂತುಕೊಂಡೇ ಬರೆದೆ. ಸೆರಗನ್ನು ಬರೆಯುವಾಗ ನನ್ನ ಸೆರಗನ್ನೇ ಬಿಚ್ಚಿ ಬಲ ಹೆಗಲಿಗೆ ಹಾಕಿಕೊಂಡು ನೋಡಿದೆ. ಮಡಿಕೆಗಳು ಬೇರೆಯೇ ದಿಕ್ಕಿಗೆ ಬಿದ್ದವು. ಎಡಗೈ ಹಗುರವಾಯಿತು. ಅವ್ವ ಎಡಗೈಯಲ್ಲಿ ಏನೇನು ಹಿಡಿದಿರಬಹುದು! ಕೂಸು, ಕುಡುಗೋಲು, ಎಲೆಅಡಿಕೆ ಚೀಲ. ಕೊನೆಗೆ ಕಣ್ಣು ಬರೆದೆ. ಅರೆನಗುವಿನ ಕಣ್ಣಿಗೆ ಕಪ್ಪು ಸ್ವಲ್ಪವೇ ಸಾಕು. ಹೆಚ್ಚಾದರೆ ಆಧಾರ್ ಕಾರ್ಡ್ ಆಗುತ್ತದೆ. ಪುಡಿ ಉದುರದಂತೆ ಸ್ಪ್ರೇ ಹೊಡೆದು, ಒಣಗಿದ ಮೇಲೆ ಚೌಕಟ್ಟಿಗೆ ಕೂರಿಸಿ, ಶುಂಠಿ ಜಜ್ಜುವ ಕಲ್ಲಿನಿಂದ ಹಿಂದಿನ ಮೊಳೆಗಳನ್ನು ಹೊಡೆದೆ.

ಕೈ ತೊಳೆಯುವ ಮುಂಚೆಯೇ ಬಾಗಿಲು ತಟ್ಟಿದ ಸದ್ದಾಯಿತು. ಅಗಳಿ ತೆಗೆದೆ. ಕೌದಳ್ಳಿಯ ಅಕ್ಕ ಹಸಿ ಕಡಲೆಕಾಯಿಯ ಚೀಲ ಹಿಡಿದು ನಿಂತಿದ್ದರು.

“ಸೊಸೇಗೆ ಅಡುಗೆ ಒಪ್ಸಿ ಬಂದೀನಿ. ಅಲ್ಲೇನ್ ಮಾಡವಳೋ. ಬ್ಯಾಗ ಕೊಡಿ ಅಕ್ಕ, ನಿಂತ್ಕಳಕೆ ಪುರುಸೊತ್ತಿಲ್ಲ.”

ಚಿತ್ರವನ್ನು ಕುರ್ಚಿಯ ಮೇಲೆ ಒರಗಿಸಿದ್ದೆ. ಅವರು ಒಳಗೆ ಬಂದು ಅದರ ಕಡೆ ತಿರುಗಿದರು. ಚೆನ್ನಾಗಿದೆ ಎನ್ನಲಿಲ್ಲ. ಸರಿಯಾಗಿದೆ ಎನ್ನಲಿಲ್ಲ. ನನ್ನ ಕಡೆ ನೋಡಲೂ ಇಲ್ಲ. ತಲೆಯ ಮೇಲೆ ಸೆರಗು ಎಳೆದುಕೊಂಡು, ಕುರ್ಚಿಯ ಮುಂದೆ ಬಗ್ಗಿ, “ಏನವ್ವಾ, ಇಲ್ ಬಂದ್ ಕೂತಿದ್ದೀಯ? ಬಾ ಓಗಮಾ, ಬಸ್ ತಪ್ಪೋಯ್ತದೆ” ಎಂದರು.

ಟವೆಲ್ಲಿನಲ್ಲಿ ಸುತ್ತಿ, ಎದೆಗೆ ಒತ್ತಿಕೊಂಡು ಬೀದಿ ದಾಟಿದರು. ಮೂಲೆಯಲ್ಲಿ ತಿರುಗುವಾಗ ಟವೆಲ್ಲಿನೊಳಗಿನವಳಿಗೆ ಏನೋ ಹೇಳುತ್ತಿದ್ದರು. ಅವರು ಮರೆಯಾಗುವ ತನಕ ನಾನು ನಿಂತಿದ್ದೆ.

ಆಮೇಲೆ ಏನು ಮಾಡಬೇಕೆಂದು ತೋಚಲಿಲ್ಲ. ಹೇಳಿಕೊಳ್ಳಲು ಯಾರೂ ಇರಲಿಲ್ಲ. ಗೆಳತಿಗೆ ಕಳಿಸೋಣವೆಂದರೆ ಚಿತ್ರದ ಫೋಟೊ ತೆಗೆದುಕೊಳ್ಳಲು ಮರೆತಿದ್ದೆ. ಹೋದದ್ದು ಹೋಯಿತು, ನನ್ನ ಬಳಿ ಉಳಿದಿದ್ದದ್ದು ಅಕ್ಕಿಮೂಟೆಯ ಹಿಂದಿನ ಮಗುಚಿದ ಅವ್ವ ಮಾತ್ರ. ಕೋಣೆ ಗುಡಿಸಿದೆ. ಬ್ರೆಡ್ಡಿನ ಕಪ್ಪು ಉಂಡೆಗಳನ್ನು ಆಯ್ದು ಕಸಕ್ಕೆ ಹಾಕಿದೆ. ಸೋಪು ಹಚ್ಚಿ ಎಷ್ಟು ತೊಳೆದರೂ ಉಗುರ ಸಂದಿಯ ಕಪ್ಪು ಹೋಗಲಿಲ್ಲ. ಯಳಂದೂರಿನಲ್ಲಿ ಎಡೆ ಮುಗಿದಿರಬೇಕು, ಕೌದಳ್ಳಿಯಲ್ಲಿ ಇನ್ನು ಶುರುವಾಗಬೇಕು ಎಂದುಕೊಳ್ಳುತ್ತ ದೀಪ ಹಚ್ಚಿದೆ. ಕಡಲೆಕಾಯಿಯ ಒಂದು ಹಿಡಿ ತೆಗೆದುಕೊಂಡು ಹೊಸಿಲ ಮೇಲೆ ಬಂದು ಕೂತೆ.

ಪಕ್ಕದ ಮನೆಯಾಕೆ ಮುಸುರೆ ನೀರು ಚೆಲ್ಲಲು ಹೊರಗೆ ಬಂದರು. ಪಾತ್ರೆ ಬೋರಲು ಮಾಡಿ ತಟ್ಟುತ್ತಾ ನನ್ನನ್ನು ನೋಡಿ, ಒಂದು ಹೆಜ್ಜೆ ಈ ಕಡೆಗಿಟ್ಟರು.

“ಓ, ಯಾವಾಗ್ ಬಂದ್ರಕ್ಕ ಊರಿಂದ? ಬೆಳಗಿಂದ ನಿಮ್ಮನೇಲಿ ಕುಕ್ಕರ್ ಕೂಗ್ನೇ ಇಲ್ಲ. ಮನೇಲಿ ಯಾರೂ ಇಲ್ಲ ಅಂದ್ಕಂಡಿದ್ದೆ.”